ಹೊಲದ ಚಿಟ್ಟಿಲಿಯನ್ನು ಗುರುತಿಸಬೇಕಾದುದೇತಕ್ಕೆ?

ತೆನೆ ಮುರಿದು ಬಿದ್ದುದನ್ನು ಕಂಡೊಡನೆ ಬದುವಿನುದ್ದಕ್ಕೂ ವಿಷದ ಕಾಳನ್ನು ಚೆಲ್ಲುವ ಪದ್ಧತಿಯು ನಮ್ಮ ರೈತರಲ್ಲಿ ಕೆಲವರಿಗೆ ಇನ್ನೂ ಉಂಟು. ಇದು ಹಣವನ್ನೂ ಶ್ರಮವನ್ನೂ ಕಳೆಯುವ ಮಾರ್ಗವೆಂಬುದು ನನ್ನ ದೃಢವಾದ ಅಭಿಪ್ರಾಯ. ಹೊಲದ ಇಲಿಗಳೆಲ್ಲವೂ ಒಂದೇ ಜಾತಿಯವಲ್ಲ. ಅವುಗಳಿಂದಾಗುವ ಹಾನಿಯೂ ಒಂದೇ ಪ್ರಮಾಣದ್ದಲ್ಲ.

ಇವುಗಳಲ್ಲಿ ಅತಿ ಚಿಕ್ಕವುಗಳ ಪೈಕಿ ಚಿಟ್ಟಿಲಿಯೂ ಒಂದು. ಶಾಸ್ತ್ರಜ್ಞರು ಇದನ್ನು ‘ಮಸ್ ಬೂಡುಗ’ ಎನ್ನುವರು. 1837ರಲ್ಲಿ ಇದನ್ನು ಮೊದಲು ವರ್ಣಿಸಿದವನು ಗ್ರೇ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು. ಅವನಿಗೆ ದೊರೆತ ಮಾದರಿಯು ಅಂದಿನ ದಕ್ಷಿಣ ಮರಾಠಾ ಸೀಮೆಯದು. ಮೂತಿಯಿಂದ ಬಾಲದ ಬುಡದವರೆಗೆ ಇದರ ಉದ್ದ 6-7 ಸೆಂಟಿಮೀಟರು; ಬಾಲವು ಹೆಚ್ಚುಕಡಮೆ ಅಷ್ಟೇ. ತೂಕ ಸುಮಾರು 10 ಗ್ರಾಂ, ಎಂದರೆ ಹಿಂದಿನ ಲೆಕ್ಕದಲ್ಲಿ ಒಂದು ತೊಲದ ಆಸುಪಾಸು. ಮೈಯ ಮೇಲ್ಭಾಗ ಕಂದು, ಹೊಟ್ಟೆ ಬಿಳುಪು. ಮೂತಿ ಚೂಪು, ಕಿವಿ ದುಂಡು. ಇದನ್ನು ಹೆಗ್ಗಣದ ಮರಿಯೆಂದು ಭ್ರಮಿಸುವವರುಂಟು. ಮರಿಯ ತಲೆಯೂ ಹಿಂಗಾಲಿನ ಪಾದಗಳೂ ಮೈಗೆ ಮೀರಿ ದಪ್ಪವಾಗಿರುವುವು. ಚಿಟ್ಟಿಲಿಯ ಅವಯವಗಳು ಮೈಗೆ ತಕ್ಕಂತೆ ಸಣ್ಣವು.

ಬಿಲವನ್ನು ನೋಡಿಯೂ ತಿಳಿಯಬಹುದು. ಚಿಟ್ಟಿಲಿಯ ಬಿಲದ ಬಾಯಿಗೆ ಹೆಬ್ಬೆರಳು ಹಿಡಿಸುವುದೇ ಹೆಚ್ಚು. ಗದ್ದೆಯ ಹೆಗ್ಗಣವಾದರೋ ಬಿಲದ ಮುಂದೆ ಮಣ್ಣಿನ ಗುಡ್ಡೆ ಹಾಕಿ, ಬಾಯನ್ನು ಮಣ್ಣಿನಿಂದಲೇ ಮುಚ್ಚುವುದು. ತೆನೆಗಳನ್ನು ಕತ್ತರಿಸಿ ಒಳಗೆ ಶೇಖರಿಸುವುದು. ಚಿಟ್ಟಿಲಿಯೂ ಬಿತ್ತಿದ ಬೀಜವನ್ನೂ ಉದುರಿದ ಕಾಳನ್ನೂ ತಿನ್ನುವುದು ನಿಜ. ಆದರೆ ಹುಳುಗಳೂ ಅದರ ಆಹಾರವೇ. ದೊಡ್ಡದರ ಅಪರಾಧಕ್ಕೆ ಚಿಕ್ಕದನ್ನು ದಂಡಿಸಿದರೆ ನಷ್ಟವು ನಿಲ್ಲದು.

ಚೆಲ್ಲಿದ ವಿಷವು ಇಲಿಗೆ ಮಾತ್ರ ದಕ್ಕುವುದೆಂಬ ಭರವಸೆಯೂ ಇಲ್ಲ. ನವಿಲು, ಪಾರಿವಾಳ, ಮನೆಯ ಕೋಳಿ ಇವೂ ಆ ಕಾಳನ್ನು ಹೆಕ್ಕುವುವು. ಸತು ಫಾಸ್ಫೈಡಿಗೆ ಪ್ರತಿವಿಷವೇ ಇಲ್ಲ. ವಿಷವುಂಡ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಅದು ಸತ್ತರೆ ಇಲಿಗಳಿಗೇ ಅನುಕೂಲ.

ಆದುದರಿಂದ ರೈತಬಾಂಧವರು ಮೊದಲು ಬಿಲಗಳನ್ನು ಪರೀಕ್ಷಿಸತಕ್ಕದ್ದು. ಸಂಜೆ ಎಲ್ಲ ಬಿಲಗಳನ್ನೂ ಮುಚ್ಚಿ, ಮರುದಿನ ತೆರೆದವುಗಳನ್ನು ಮಾತ್ರ ಗುರುತುಮಾಡಬೇಕು. ವಿಷ ಅನಿವಾರ್ಯವಾದಲ್ಲಿ ಅದನ್ನು ಹೆಗ್ಗಣದ ಬಿಲದೊಳಗೇ ಇಟ್ಟು ಬಾಯನ್ನು ಮುಚ್ಚತಕ್ಕದ್ದು. ದಪ್ಪ ಬದುಗಳನ್ನು ಕಿರಿದುಮಾಡಿ, ಕಳೆ ತೆಗೆದು, ಗೂಬೆಗಳು ಕೂರಲು ಗೂಟಗಳನ್ನು ನೆಡಬೇಕು. ಈ ಕಾರ್ಯವು ಬಿತ್ತನೆಗೆ ಮುಂಚೆಯೇ, ಊರವರೆಲ್ಲರೂ ಕೂಡಿ ನಡೆಯತಕ್ಕದ್ದು. ಒಬ್ಬನ ಹೊಲ ಶುದ್ಧವಾಗಿ ನೆರೆಯವನದು ಹಾಗೆಯೇ ಉಳಿದರೆ, ಇಲಿಗಳಿಗೆ ಬದು ದಾಟುವುದೇನೂ ಕಷ್ಟವಲ್ಲ.