ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೂ ಮುಂಚೆ

ಮೊನ್ನೆ ಬೀಳಗಿಯಿಂದ ನಮ್ಮ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಮಗಳ ಲ್ಯಾಪ್‌ಟಾಪ್ ಇನ್ನ ನಡಿಯೂದಿಲ್ಲ ಅಂತ ಅಂಗಡ್ಯಾಂವ ಹೇಳ್ಯಾನ. ವಿಂಡೋಸ್ ಬಂದ್ ಆಗೈತಂತ, ಹೊಸಾದ ತಗೋಬೇಕಂತ. 35 ಸಾವಿರ. ಕಬ್ಬಿನ ಬಿಲ್ ಇನ್ನಾ ಬಂದಿಲ್ಲ. ಬಳಿ ಒತ್ತಿ ಇಡ್ಲೇನು?" ಅಂದ್ಲು.

"ಬಳಿ ಮುಟ್ಟಬ್ಯಾಡ. ರವಿವಾರ ಆ ಲ್ಯಾಪ್‌ಟಾಪ್ ತಗೊಂಡ ನಮ್ಮ ಮನಿಗೆ ಬಾ" ಅಂದ್ನಿ.

ನಾ ಏನ ಇಂಜಿನಿಯರ್ ಅಲ್ರಿ. ಪಿಯುಸಿ ಮುಗಿಸಿ ಲಗ್ನಾ ಆಗಿ ಜಮಖಂಡಿಗೆ ಬಂದಾಕಿ. ಆದ್ರ ನಮ್ಮ ಮನ್ಯಾಗ ಮೂರ ಹಳೇ ಲ್ಯಾಪ್‌ಟಾಪ್ ಬಿಚ್ಚಿ ಹಾಕೂದನ್ನ ಬಾಜೂಕ ಕುಂತ ನೋಡೇನಿ, ಒಂದರಾಗ ಕೈ ಸುಟಗೊಂಡೇನಿ. ಅದಕ್ಕ ಈ ವಿಷಯದಾಗ ನನ್ನ ಮಾತು ಗಟ್ಟಿ ಐತಿ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಸ್ರಿ, ಆದ್ರ ಹಳೇ ಡಿಸ್ಕಿನ ಮ್ಯಾಲ ಹಾಕಸಬ್ಯಾಡ್ರಿ. ಕೈಯಾಗಿನ ಮೊದಲನೇ ರೊಕ್ಕ ಹೊಸಾ ಎಸ್‌ಎಸ್‌ಡಿಗೆ. ಉಳದ್ರ ರ‍್ಯಾಮಿಗೆ. ಅದರ ಮ್ಯಾಲ ಒಂದ ರೂಪಾಯಿನೂ ಬ್ಯಾಡ.

ಮೊದಲ ಆ ಅಂಗಡ್ಯಾಂವನ ಮಾತು ನೋಡೂಣು. ವಿಂಡೋಸ್ 10ಕ್ಕ ಕಂಪನಿ ಕೊಡತಿದ್ದ ಪುಕಟ್ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕ ನಿಂತಾವ. ಅದು ಖರೇ. ಹೆಸರ ನೋಂದಾಯಿಸಿದವರಿಗೆ ಇನ್ನೊಂದ ವರ್ಷ ಸಿಗತಾವ, 2026ರ ಅಕ್ಟೋಬರ್ ತನಕ. ವಿಂಡೋಸ್ 11 ಹಾಕಬೇಕಂದ್ರ ಇಂಟೆಲ್ ಪ್ರೊಸೆಸರ್ ಎಂಟನೇ ಪೀಳಿಗಿ ಇಲ್ಲಾ ಅದಕ್ಕಿಂತ ಹೊಸಾದ ಬೇಕು, ಟಿಪಿಎಂ 2.0 ಅನ್ನೂ ಚಿಪ್ ಬೇಕು, 4 ಜಿಬಿ ರ‍್ಯಾಮ್, 64 ಜಿಬಿ ಜಾಗಾ ಬೇಕು. ತಂಗಿ ಮಗಳದು ಆರನೇ ಪೀಳಿಗಿ ಐ3. ಹಂಗಾಗಿ ವಿಂಡೋಸ್ 11 ಅದಕ್ಕ ಒಗ್ಗೂದಿಲ್ಲ. ಅಷ್ಟಕ್ಕ ಲ್ಯಾಪ್‌ಟಾಪ್ ಕೆಟ್ಟಂಗ ಆಯ್ತೇನು? ಪರದೆ ಚಲೋ ಐತಿ, ಕೀಲಿಮಣಿ ಚಲೋ ಐತಿ. 2020ರ ಸುಮಾರಿಗೆ ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿತ್ತಲ್ಲಾ, ಮುಧೋಳ, ಜಮಖಂಡಿ ಕಡೆ ಅವು ಎಷ್ಟೋ ಮನ್ಯಾಗ ಈಗ "ಭಾಳ ಸ್ಲೋ ಆಗೇತಿ" ಅಂತ ಟ್ರಂಕಿನ ಮ್ಯಾಲ ಧೂಳ ತಿನಕೋತ ಕುಂತಾವ.

ಯಾಕ ಸ್ಲೋ ಆಗತೈತಿ ಅನ್ನೂದನ್ನ ನಾ ನನ್ನ ಭಾಷಾದಾಗ ಹೇಳತೇನಿ. ಹಿಂದಕ ನಮ್ಮ ಕಡೆ ಜ್ವಾಳ ಹಗೇದಾಗ ಹಾಕಿ ಇಡತಿದ್ರು. ಜ್ವಾಳ ಬೇಕಾದ್ರ ಮ್ಯಾಲಿನ ಕಲ್ಲ ಸರಸಬೇಕು, ಒಬ್ರು ಒಳಗ ಇಳೀಬೇಕು, ಬುಟ್ಟಿ ತುಂಬಿ ಮ್ಯಾಲ ಕೊಡಬೇಕು. ಹಳೇ ಹಾರ್ಡ್ ಡಿಸ್ಕ್ ಅಂದ್ರ ಹಗೇ ಇದ್ದಂಗ. ಒಳಗ ಒಂದ ತಟ್ಟಿ ಗಿರಗಿರ ತಿರಗತೈತಿ, ಲ್ಯಾಪ್‌ಟಾಪಿನಾಗ ಹೆಚ್ಚಾಗಿ ನಿಮಿಷಕ್ಕ 5400 ಸುತ್ತು. ಒಂದ ಸೂಜಿ ಹುಡಿಕ್ಯಾಡಿ ಹುಡಿಕ್ಯಾಡಿ ತಂದ ಕೊಡತೈತಿ. ಎಸ್‌ಎಸ್‌ಡಿ ಅಂದ್ರ ಅಡಗಿ ಮನಿ ಮಾಡದಾಗಿನ ಡಬ್ಬಿ. ತಿರಗೂದಿಲ್ಲ, ಹುಡಕೂದಿಲ್ಲ, ಕೈ ಹಾಕಿದ್ರ ಸಿಗತೈತಿ. ಇನ್ನ ರ‍್ಯಾಮ್ ಅಂದ್ರ ಹಿಟ್ಟ ನಾದೂ ಪರಾತ. ದೊಡ್ಡದಿದ್ರ ಒಮ್ಮೆಗೆ ಹೆಚ್ಚ ಹಿಟ್ಟ ನಾದಬಹುದು. ಪ್ರೊಸೆಸರ್ ಅಂದ್ರ ರೊಟ್ಟಿ ಬಡಿಯೂ ಕೈ.

ಈಗ ಹೇಳ್ರಿ, ಒಂದೊಂದ ರೊಟ್ಟಿಗೂ ಹಿಟ್ಟ ಹಗೇದಿಂದ ತರೂದಾದ್ರ ಪರಾತ ಎಷ್ಟ ದೊಡ್ಡದಿದ್ರ ಏನು, ಕೈ ಎಷ್ಟ ಚುರುಕಿದ್ರ ಏನು? ಹಳೇ ಲ್ಯಾಪ್‌ಟಾಪಿನಾಗ ಕೈ ಸೋತಿರೂದಿಲ್ರಿ, ಹಗೇಕ್ಕ ಹೋಗಿ ಬರೂದರಾಗ ಹೊತ್ತ ಹೋಗಿರತೈತಿ. ಅದಕ್ಕ ಮೊದಲ ಡಿಸ್ಕ್ ಬದಲಿ ಮಾಡ್ರಿ ಅನ್ನೂದು. ಬರೇ ರ‍್ಯಾಮ್ ಹಾಕಿಸಿ "ಏನೂ ಫರಕ ಬೀಳಲಿಲ್ಲ" ಅಂತ ಗೋಳಾಡಿದವರನ್ನ ನೋಡೇನಿ. ಬರೇ ಎಸ್‌ಎಸ್‌ಡಿ ಹಾಕಿಸಿ ಫರಕ ಇಲ್ಲ ಅಂದವರು ನನಗ ಇನ್ನಾ ಸಿಕ್ಕಿಲ್ಲ.

ಇಷ್ಟ ಗೊತ್ತಿದ್ದಾಕಿ ನೀ ಹೆಂಗ ಕೈ ಸುಟಗೊಂಡಿ ಅಂತೀರೇನು? ಆವಾಗ ಗೊತ್ತಿರಲಿಲ್ರಿ.

ನಮ್ಮ ಅತ್ತಿಯವರು ಬೀಸುಕಲ್ಲಿನ ಪದ ಹಾಡತಿದ್ರು. ನಿಮ್ಮೊಳಗ ಭಾಳ ಮಂದಿ ಕೇಳೀರಿ. ಗಿರಣಿ ಬಂದ ಎಷ್ಟೋ ವರ್ಷ ಆದ್ರೂ ಪದ ಮರತಿರಲಿಲ್ಲ. ಲಾಕ್‌ಡೌನಿನಾಗ ನನ್ನ ಮಗಳು ಅವರ ಮುಂದ ಫೋನ್ ಇಟಗೊಂಡ ಕುಂತ ಹದಿನೇಳ ಪದ ರೆಕಾರ್ಡ್ ಮಾಡಿದ್ಲು. ಫೋನ್ ತುಂಬಿತು ಅಂತ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಾಗಿಂದ ಅಳಿಸಿದ್ಲು. ಮುಂದಿನ ವರ್ಷ ಅತ್ತಿಯವರು ಹೋದ್ರು.

ಆಮ್ಯಾಲ ಆ ಲ್ಯಾಪ್‌ಟಾಪ್ ಕುಂಟಾಕ ಹತ್ತಿತು. ಮಗನ ಗೆಳ್ಯಾ ಒಬ್ಬ ಬಂದ, ಚಲೋ ಹುಡುಗ. "ಕಾಕು, ಒಂದ ಎಸ್‌ಎಸ್‌ಡಿ ತರಸ್ರಿ, 1,800 ರೂಪಾಯಿ, ಅದರ ಮ್ಯಾಲ ಲಿನಕ್ಸ್ ಹಾಕಿ ಕೊಡತೇನಿ" ಅಂದ. ನಾ ಶಾಣ್ಯಾಕಿ! "ಲಿನಕ್ಸ್ ಪುಕಟ್ ಅಂತೀ, ಮತ್ತ್ಯಾಕ ಖರ್ಚು? ಇದ್ದ ಡಿಸ್ಕಿಗೇ ಹಾಕು" ಅಂದ್ನಿ. "ಫೋಟೋ ಎಲ್ಲಾ ತಗದೀರಲ್ಲಾ?" ಅಂತ ಕೇಳಿದ. ಮಗಳು ಕಾಲೇಜಿಗೆ ಹೋಗಿದ್ಲು. ಫೋಟೋ ಪೆನ್‌ಡ್ರೈವಿನಾಗ ಇದ್ವು, ಅದು ನನಗ ಗೊತ್ತಿತ್ತು. ಪದದ ನೆನಪ ಬರಲಿಲ್ಲ. "ಹೂಂ, ಎಲ್ಲಾ ತಗದೇವಿ" ಅಂದಬಿಟ್ನಿ. ಲಿನಕ್ಸ್ ಹಾಕೂವಾಗ ಡಿಸ್ಕ್ ಪೂರಾ ಅಳಸ್ಲೇನು ಅಂತ ಅದು ಕೇಳತೈತಿ. ಅಂವ ಒತ್ತಿದ.

ಸಂಜೀಕ ಮಗಳು ಬಂದ ಕೇಳಿದ್ಲು, "ಅವ್ವಾ, ಆಯಿ ಪದ ಎಲ್ಲಿ ಇಟ್ಟೀರಿ?" ಅಂತ.

ಆ ಹುಡುಗಂದ ತಪ್ಪಿಲ್ಲ, ಲಿನಕ್ಸಿಂದೂ ತಪ್ಪಿಲ್ಲ. 1,800 ರೂಪಾಯಿ ಉಳಸಾಕ ಹೋಗಿ ನಾ ಹದಿನೇಳ ಪದ ಕಳದ್ನಿ. ಹೊಸಾ ಎಸ್‌ಎಸ್‌ಡಿ ತರಿಸಿದ್ರ ಹಳೇ ಡಿಸ್ಕ್ ಇದ್ದದ್ದ ಇದ್ದಂಗ ಹೊರಗ ಬರತಿತ್ತು. ಯಾರೂ ಏನೂ ನೆನಪ ಇಟಗೊಳ್ಳೂ ಅವಶ್ಯ ಇರತಿರಲಿಲ್ಲ. ನಮ್ಮಂಥಾ ಮನ್ಯಾಗ ಯಾವದ ಫೈಲ್ ಎಲ್ಲೈತಿ ಅಂತ ಯಾರಿಗೂ ಪೂರಾ ಗೊತ್ತಿರೂದಿಲ್ಲ. ಅದಕ್ಕ ಹೇಳೂದು, ಎಸ್‌ಎಸ್‌ಡಿ ರೊಕ್ಕ ವೇಗಕ್ಕಷ್ಟ ಕೊಡೂ ರೊಕ್ಕ ಅಲ್ಲ.

ಇನ್ನ ಅಂಗಡಿಗೆ ಹೋಗೂ ಮುಂಚೆ ಏನ ನೋಡಕೋಬೇಕು ಅನ್ನೂದು. ಲ್ಯಾಪ್‌ಟಾಪ್ ಬೋರಲ ಹಾಕಿ ತಳದಾಗಿನ ಮಾಡೆಲ್ ನಂಬರ್ ಫೋಟೋ ತಗೋರಿ. ಮಕ್ಕಳ ಕಡೆ ಆ ನಂಬರ್ ಹಾಕಿ ಹುಡಕಸ್ರಿ, ಯಾವ ಡಿಸ್ಕ್, ಯಾವ ರ‍್ಯಾಮ್ ಹಿಡಿತೈತಿ ಅಂತ. ಹಾರ್ಡ್ ಡಿಸ್ಕ್ ಇದ್ದ ಹಳೇ ಲ್ಯಾಪ್‌ಟಾಪಿಗೆ ಹೆಚ್ಚಾಗಿ ಎರಡೂವರಿ ಇಂಚಿನ ಸಾಟಾ ಎಸ್‌ಎಸ್‌ಡಿ ಅದ ಜಾಗಾದಾಗ ಕುಂದರತೈತಿ. ಕೆಲವರಾಗ ಎಂ.2 ಅಂತ ಸಣ್ಣ ಪಟ್ಟಿ ಹಾಕೂ ಜಾಗಾ ಇರತೈತಿ. ಅಲ್ಲಿ ಹುಷಾರ್ ಇರ್ರಿ. ಎಂ.2 ಪಟ್ಟಿಯೊಳಗ ಸಾಟಾ ಬ್ಯಾರೆ, ಎನ್‌ವಿಎಂಇ ಬ್ಯಾರೆ. ನೋಡಾಕ ಅಕ್ಕ-ತಂಗಿ ಇದ್ದಂಗ ಇರತಾವ, ಆದ್ರ ಸಾಟಾ ಅಷ್ಟ ಹಿಡಿಯೂ ಜಾಗಾದಾಗ ಎನ್‌ವಿಎಂಇ ನಡಿಯೂದಿಲ್ಲ.

ಜಾಗಾ ಎಷ್ಟ ಬೇಕು? ಲಿನಕ್ಸ್ ಮಿಂಟ್ ಹಾಕಾಕ ಕಡಿಮೆ ಅಂದ್ರ 20 ಜಿಬಿ ಸಾಕು, 100 ಜಿಬಿ ಇದ್ರ ಆರಾಮ ಅಂತ ಅದನ್ನ ಮಾಡಿದವರ ಹೇಳತಾರ. 256 ಜಿಬಿ ಎಸ್‌ಎಸ್‌ಡಿ ಓದೂ ಹುಡುಗ್ಯಾರಿಗೆ ಸಾಕ ಆಗತೈತಿ. ಒಂದ ಟಿಬಿ ತಗೋ ಅಂತ ಅಂಗಡ್ಯಾಗ ಹೇಳಿದ್ರ ಕೇಳಬ್ಯಾಡ್ರಿ. ಹಳೇ ಡಿಸ್ಕಿಗೆ ಒಂದ ಯುಎಸ್‌ಬಿ ಕೇಸ್ ತಗೋರಿ, ಕಡಿಮೆ ರೊಕ್ಕಕ್ಕ ಸಿಗತೈತಿ. ಅದು ಮನಿ ಹಗೇ ಆಗಿ ಇರ್ಲಿ, ಹಳೇ ಫೋಟೋ ವಿಡಿಯೋ ಅದರಾಗ ಕೂಡ್ರಲಿ.

ರ‍್ಯಾಮ್ ವಿಷಯ ಸಣ್ಣದು. 4 ಜಿಬಿ ಇದ್ರ ಮಿಂಟಿನ ಎಕ್ಸ್‌ಎಫ್‌ಸಿಇ ಅನ್ನೂ ಹಗುರ ನಮೂನಿ ನಡಿತೈತಿ, ಬ್ರೌಸರಿನಾಗ ಇಪ್ಪತ್ತ ಪುಟ ಒಮ್ಮೆಗೆ ತಗೀದಿದ್ರ ಆತು. 8 ಜಿಬಿ ಆದ್ರ ಆರಾಮ. ಆದ್ರ 2025ರ ಕೊನೀಯಿಂದ ರ‍್ಯಾಮ್ ದರ ಮ್ಯಾಲ ಏರ್ಯಾವ. ದೊಡ್ಡ ದೊಡ್ಡ ಎಐ ಕಂಪನಿಗೋಳ ಚಿಪ್ ಎಲ್ಲಾ ಬಾಚಿ ಬಾಚಿ ತಗೊಳಾಕತ್ತಾರ. ಹಂಗಾಗಿ ಈಗ ತ್ರಾಸ ಆದ್ರ ತಡೀರಿ. ತಗೊಳ್ಳೂದಾದ್ರ ಡಿಡಿಆರ್3 ಏನು, ಡಿಡಿಆರ್4 ಏನು ನೋಡ್ರಿ, ಒಂದರ ಜಾಗಾದಾಗ ಇನ್ನೊಂದ ಕುಂದರೂದಿಲ್ಲ, ನಡುವಿನ ಕಚ್ಚ ಬ್ಯಾರೆ ಕಡೆ ಇರತೈತಿ.

ಇನ್ನೊಂದ ಮಾತು ಹೊಸಾದ ತಗೊಳ್ಳೂವರಿಗೆ. "ಅಗ್ಗಾಕ ಸಿಕ್ಕಿತು" ಅಂತ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಇರೂ ಸಣ್ಣ ಲ್ಯಾಪ್‌ಟಾಪ್ ತಗೋಬ್ಯಾಡ್ರಿ. ಇಎಂಎಂಸಿ ಅಂದ್ರ ಬೋರ್ಡಿಗೇ ಬೆಸದ ಬಿಟ್ಟಿರತಾರ, ಅಂಥಾವರಾಗ ರ‍್ಯಾಮೂ ಹೆಚ್ಚಾಗಿ ಹಂಗ ಇರತೈತಿ. ನಾಳೆ ಬದಲಿ ಮಾಡ್ತೀನಂದ್ರೂ ಬರೂದಿಲ್ಲ. ಕಸಿ ಬಿಚ್ಚಾಕ ಬರಲಾರದ ಕುಬಸಾ ಹೊಲಿಸಿದಂಗ. ಅಂಥಾ ಹೊಸಾದಕ್ಕಿಂತ ಬಿಚ್ಚಾಕ ಬರೂ ಹಳೇದ ಪಾಡು.

"ಪುಕಟ್ ಸಿಗೂದು ಚಲೋ ಇರತೈತೇನು?" ಅಂತ ನಮ್ಮನಿಯವರು ಇವತ್ತಿಗೂ ಕೇಳತಾರ. ಅವರ ಕೈಯಾಗ ಹಿಡಕೊಂಡ ಕುಂತ ಆಂಡ್ರಾಯ್ಡ್ ಫೋನಿನ ತಳಕ್ಕ ಇರೂದು ಲಿನಕ್ಸ. 1991ರಾಗ ಹೆಲ್ಸಿಂಕಿಯೊಳಗ ಲಿನಸ್ ಟೋರ್ವಾಲ್ಡ್ಸ್ ಅನ್ನೂ ಕಾಲೇಜ್ ಹುಡುಗ ಚಾಲೂ ಮಾಡಿದ್ದು, ಆಮ್ಯಾಲ ಜಗತ್ತಿನ ಮಂದಿ ಕೂಡಿ ಬೆಳೆಸಿದ್ರು. ಮಕ್ಕಳು ಹಿಂದ ಬೀಳತಾರ ಅನ್ನೂ ಅಂಜಿಕಿನೂ ಬ್ಯಾಡ. ಕೇರಳದಾಗ ಸರ್ಕಾರಿ ಸಾಲಿ ಕಂಪ್ಯೂಟರಿನಾಗ ಲಿನಕ್ಸ ಇರತೈತಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಾಗ ಕಲಿಯೂದು. ಕನ್ನಡ ಟೈಪ್ ಮಾಡಾಕ ಐಬಸ್ ಅನ್ನೂದರಾಗ ನುಡಿ ಕೀಲಿಮಣಿನೂ ಐತಿ, ನಾ ಇದನ್ನ ಅದರಾಗ ಬಡದೇನಿ.

ಆದ್ರ ಎಲ್ಲಾರಿಗೂ ಲಿನಕ್ಸ ಬೇಕು ಅಂತ ನಾ ಹಟಾ ಮಾಡೂದಿಲ್ಲ. ಬನಹಟ್ಟ್ಯಾಗ ನಮ್ಮ ನೆಗೆಣ್ಣಿ ಮನ್ಯಾಗ ಪಾವರ್‌ಲೂಮ್ ಐತಿ. ನೂಲು, ಸೀರಿ, ಜಿಎಸ್‌ಟಿ ಎಲ್ಲಾ ಲೆಕ್ಕ ಟ್ಯಾಲಿ ಮ್ಯಾಲ. ಟ್ಯಾಲಿ ವಿಂಡೋಸಿಗೆ ಮಾಡಿದ್ದು. ಅವರಿಗೆ ನಾನ ಹೇಳಿದ್ನಿ, "ಅಕ್ಕಾರ, ನೀವು ವಿಂಡೋಸ್ ಬಿಡಬ್ಯಾಡ್ರಿ, ಎಸ್‌ಎಸ್‌ಡಿ ಅಷ್ಟ ಹಾಕಸ್ರಿ" ಅಂತ. ಹಳೇ ನುಡಿ, ಬರಹದಾಗ ಬರದ ಫೈಲ್ ಇದ್ದವರೂ ಮೊದಲ ಅವನ್ನ ಯೂನಿಕೋಡಿಗೆ ಬದಲಿ ಮಾಡಕೊಂಡ ಮುಂದ ಹೆಜ್ಜಿ ಇಡ್ರಿ. ಮತ್ತ ಯಾರ ಆಗ್ಲಿ, ಮೊದಲ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ನೋಡ್ರಿ. ಡಿಸ್ಕ್ ಮುಟ್ಟಲಾರದ ನಡಿತೈತಿ. ವೈಫೈ, ಆವಾಜು, ಕ್ಯಾಮೆರಾ ಬರತಾವೋ ಇಲ್ಲೋ ಗೊತ್ತಾಗತೈತಿ. ವೈಫೈ ಹಿಡೀಲಿಲ್ಲಂದ್ರ ಫೋನ್ ಕೇಬಲ್ ಹಚ್ಚಿ ಇಂಟರ್‌ನೆಟ್ ಕೊಟ್ಟ ಡ್ರೈವರ್ ಹಾಕೋಬಹುದು.

ರವಿವಾರ ತಂಗಿ ಬಂದ್ಲು. ಪೆನ್‌ಡ್ರೈವಿನಿಂದ ನೋಡಿದ್ವಿ, ಎಲ್ಲಾ ನಡೀತು. ಎಸ್‌ಎಸ್‌ಡಿ 2,800, ಕೇಸ್ 350, ಬಿಚ್ಚಿ ಹಾಕಿದವನಿಗೆ 300. ಒಟ್ಟ 3,450 ರೂಪಾಯಿ. ರ‍್ಯಾಮ್ 4 ಜಿಬಿನ ಬಿಟ್ವಿ, ದರ ಇಳದ ಮ್ಯಾಲ ನೋಡೂಣು. ಮೊದಲ ಚಾಲೂ ಆಗೂದರಾಗ ಚಾ ಕುದ್ದ ಸೋಸಿ ಕುಡ್ಯಾಕ ಆಗತಿತ್ತು, ಈಗ ಹಾಲ ಒಲಿ ಮ್ಯಾಲ ಇಡೂದರಾಗ ಮುಗಿತೈತಿ. ತಂಗಿ ಬಳಿ ಕೈಯಾಗ ಅದಾವ.

ಹಳೇ ಡಿಸ್ಕ್ ಕೇಸಿನಾಗ ಹಾಕಿ ತಗದ ನೋಡಿದ್ವಿ. ಅವರ ಹುಡುಗಿ ಎಂದೋ ನಮ್ಮ ಮನಿಗೆ ಬಂದಾಗ ತಗದ ವಿಡಿಯೋ ಒಂದ ಇತ್ತು. ನಾ ರೊಟ್ಟಿ ಬಡಿಯಾಕತ್ತೇನಿ, ಹಿಂದ ಅತ್ತಿಯವರು ಕುಂತ ಒಂದ ಪದ ಅರ್ಧಾ ಹಾಡ್ಯಾರ. ಅರ್ಧಕ್ಕ ಕೆಮ್ಮ ಬಂದ ನಿಲ್ಲಿಸ್ಯಾರ. ಹದಿನೇಳರ ಬದಲಿ ಅರ್ಧ ಪದ. ಅಷ್ಟ ಸಿಕ್ತು, ಹಳೇ ಡಿಸ್ಕ್ ಯಾರೂ ಅಳಸಿರಲಿಲ್ಲ ಅಂತ.

ನಿಮ್ಮನ್ಯಾಗೂ ಟ್ರಂಕಿನ ಮ್ಯಾಲ ಒಂದ ಲ್ಯಾಪ್‌ಟಾಪ್ ಇದ್ದೀತು ನೋಡ್ರಿ. ಗುಜರಿಯಾಂವ ಬಂದ್ರ ಕೊಡಬ್ಯಾಡ್ರಿ. ತಳದಾಗಿನ ನಂಬರ್ ಫೋಟೋ ತಗದ ನನಗ ಕಳಸ್ರಿ, ಇಲ್ಲಾಂದ್ರ ಮಧ್ಯಾಹ್ನ ನಾಕರ ಮ್ಯಾಲ ಮನಿಗೇ ಬರ್ರಿ. ಮತ್ತ ಅತ್ತಿಯವರು ನಿಮ್ಮನ್ಯಾಗ ಹಾಡಿದ್ದು ಯಾರದರ ಹಳೇ ಫೋನಿನಾಗ ಇದ್ರ ದಯಮಾಡಿ ಅದನ್ನೂ ಒಂದಷ್ಟ ಹುಡಕ್ರಿ.