ಸೂರ್ಯನಿಗೆ ಬೆನ್ನು ಹಾಕಿ

ರಜೆ ಕಳೆಯಲು ಕರಾವಳಿಗೆ ಬರುವ ನನ್ನ ನೆಂಟರಿಷ್ಟರು ಬಸ್ಸಿಳಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಸೂರ್ಯಾಸ್ತದ ಫೋಟೋ ತೆಗೆಯಲಿಕ್ಕೆ ಒಳ್ಳೆಯ ಜಾಗ ಯಾವುದು?" ಕುಂದಾಪುರದ ಆಸುಪಾಸಿನಲ್ಲಿ ಹುಟ್ಟಿ ಬೆಳೆದ ನನಗೆ ಈ ಪ್ರಶ್ನೆಯ ಮೇಲೆಯೇ ತಕರಾರಿದೆ. ಕಡಲಿಗೆಂದು ಬಂದವರು ಸೂರ್ಯನನ್ನಷ್ಟೇ ಕಂಡು ಹೋಗುತ್ತಾರೆ. ಆ ಸೂರ್ಯನಾದರೋ ಅವರ ಮನೆಯ ತಾರಸಿಯಿಂದಲೂ ದಿನಾ ಕಾಣುವವನೇ.

ಚೆಲುವಿನ ಮೇಲೆ ನನಗೆ ಸಿಟ್ಟಿಲ್ಲ. ಸಂಜೆಯ ಕಿರಣ ಓರೆಯಾಗಿ, ನಡುಹಗಲಿಗಿಂತ ಎಷ್ಟೋ ಪಾಲು ಹೆಚ್ಚು ಗಾಳಿಯನ್ನು ಹಾದು ಬರುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪೂ ಹೊಂಬಣ್ಣವೂ ಉಳಿಯುತ್ತವೆ. ಬಿಂಬ ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ನಮ್ಮಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಆ ಎರಡು ನಿಮಿಷಕ್ಕೆ ಮೈಮರೆಯದವರು ಯಾರಿದ್ದಾರೆ? ನನ್ನ ಜಗಳ ಇರುವುದು ಆಗ ಕ್ಯಾಮೆರಾ ಮಾಡುವ ಕೆಲಸದೊಂದಿಗೆ.

ಸೂರ್ಯನ ಕಡೆಗೆ ಹಿಡಿದ ಕ್ಯಾಮೆರಾ, ರೋಲು ಹಾಕುವ ಕಾಲದ್ದಿರಲಿ ಈಗಿನ ಮೊಬೈಲಿನದ್ದಿರಲಿ, ಆ ಪ್ರಖರ ಬೆಳಕಿಗೆ ತನ್ನನ್ನು ಹೊಂದಿಸಿಕೊಂಡಿತೆಂದರೆ ಎದುರಿನ ಉಳಿದದ್ದೆಲ್ಲ ಕಪ್ಪಾಗುತ್ತದೆ. ದೋಣಿ ಒಂದು ಕಪ್ಪು ಗೆರೆ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಒಂದು ಕಪ್ಪು ಕಂಬ. ಬಲೆ ಹೊತ್ತ ಮನುಷ್ಯ ಒಂದು ಕಪ್ಪು ಆಕಾರ. ಅವನಿಗೆ ಮುಖವಿಲ್ಲ, ವಯಸ್ಸಿಲ್ಲ, ಬೆವರಿಲ್ಲ. ಮುಖವಿಲ್ಲದವನ ಒಪ್ಪಿಗೆ ಕೇಳುವ ತಾಪತ್ರಯವೂ ಇಲ್ಲ. ಇಂಥ ಚಿತ್ರಕ್ಕೆ ಇಷ್ಟೊಂದು ಬೇಡಿಕೆ ಇರುವುದಕ್ಕೆ ಈ ಅನುಕೂಲವೂ ಒಂದು ಕಾರಣವೆಂದು ನನ್ನ ಗುಮಾನಿ.

ಮರವಂತೆಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಇಂಥ ಜಾಗ ಅಪರೂಪ. ಆದರೆ ಅಲ್ಲಿ ತೆಗೆದ ಸೂರ್ಯಾಸ್ತದ ಫೋಟೋದಲ್ಲಿ ನದಿ ಇರುವುದಿಲ್ಲ. ಅದು ತೆಗೆಯುವವರ ಬೆನ್ನ ಹಿಂದೆ ಉಳಿದಿರುತ್ತದೆ. ಕಡಲ್ಕೊರೆತಕ್ಕೆ ಅಡ್ಡವಾಗಿ ಸುರಿದ ಬಂಡೆಗಲ್ಲುಗಳೂ ಬರದಂತೆ ಎಚ್ಚರ ವಹಿಸಿರುತ್ತಾರೆ. ಹೀಗೆ ಮರವಂತೆಯನ್ನು ಮರವಂತೆ ಮಾಡಿದ್ದೆಲ್ಲ ಹೋಗಿ, ಯಾವ ಊರಿಗೂ ಸಲ್ಲುವ ಒಂದು ಕೆಂಪು ಚೆಂಡು ಉಳಿಯುತ್ತದೆ.

ಕಳೆದ ವರ್ಷ ಬಂದಿದ್ದ ನೆಂಟರೊಬ್ಬರು ನಮ್ಮ ಜಗಲಿಯಲ್ಲಿ ಕೂತು, ಮೀನು ಕೊಡಲು ಬಂದ ಹೆಂಗಸಿಗೆ ತಮ್ಮ ಮೊಬೈಲಿನ ಚಿತ್ರ ತೋರಿಸಿದರು. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಇದ್ ಯಾವ್ ಊರಿನ್ ಕಡ್ಲ್ ಮಾರಾಯ್ರೇ?" ಎಂದಳು. ಅದು ಅವಳು ದಿನಾ ಬಂಗುಡೆ, ಬೂತಾಯಿ ಒಣಹಾಕುವ ಜಾಗ. ಒಣಮೀನು ಚಿತ್ರದಲ್ಲಿ ಬಾರದಿರಲೆಂದು ನೆಂಟರು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿದ್ದರು.

ಇದು ಬರೇ ಅಭಿರುಚಿಯ ಮಾತಾಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಖಾಲಿ ಎಂದು ತೋರಿಸಿದ ಜಾಗಕ್ಕೆ ಬೇಗ ಗಿರಾಕಿ ಹುಟ್ಟುತ್ತಾನೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ಕಡಲತೀರದಲ್ಲಿ ಭರತದ ಗೆರೆಯಿಂದ 200 ಮೀಟರಿನ ಒಳಗೆ ಹೊಸ ಕಟ್ಟಡ ಏಳದಂತೆ ತಡೆದಿತ್ತು. 2019ರ ಜನವರಿಯಲ್ಲಿ ಹೊರಟ ಅಧಿಸೂಚನೆ ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಕಿನಾರೆಯಲ್ಲಿ ಪ್ರವಾಸಿಗರಿಗಾಗಿ ತಾತ್ಕಾಲಿಕ ಅಂಗಡಿ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿಗೂ ದಾರಿ ಮಾಡಿತು. ಸರಕಾರ ನಿಮ್ಮ ಫೋಟೋ ನೋಡಿ ಕಾನೂನು ಬದಲಿಸಿತೆಂದು ನಾನು ಹೇಳುತ್ತಿಲ್ಲ. ಆದರೆ ದೋಣಿ ಎಳೆದಿಡುವ, ಬಲೆ ಹೊಲಿಯುವ, ಮೀನು ಒಣಗಿಸುವ ಅಂಗಳವೊಂದು ನಾಡಿನ ಕಣ್ಣಿಗೆ ಬರೇ ಮರಳಾಗಿ ಕಂಡರೆ, ಅದು ಕೈತಪ್ಪುವ ದಿನ ಯಾರು ತಾನೇ ಮರುಗುತ್ತಾರೆ?

"ವರ್ಷವಿಡೀ ದುಡಿದು ನಾಲ್ಕು ದಿನ ಹಾಯಾಗಿರೋಣವೆಂದು ಬಂದರೆ ಇದೇನು ಪಾಠ?" ಎಂದು ನೀವು ಗೊಣಗಬಹುದು. ನಾನು ಬಡತನದ ಫೋಟೋ ತೆಗೆಯಿರಿ, ಕಸದ ಫೋಟೋ ತೆಗೆಯಿರಿ ಎನ್ನುತ್ತಿಲ್ಲ. ಹೇಳುವುದು ಇಷ್ಟೇ: ಆ ಹೊನ್ನಿನ ಬೆಳಕು ಬೀಳುತ್ತಿರುವುದು ನಿಮ್ಮ ಬೆನ್ನ ಹಿಂದೆ. ತಿರುಗಿ ನೋಡಿ. ಹಂಚಿನ ಮಾಡು, ತೆಂಗಿನ ಸಾಲು, ಬಣ್ಣ ಬಳಿದ ದೋಣಿಯ ಮೂತಿ, ಬಲೆ ಹೊಲಿಯುತ್ತ ಕೂತ ಮುದುಕನ ಕೆನ್ನೆ, ಎಲ್ಲವೂ ಬೆಳಗುತ್ತಿರುತ್ತವೆ. ಮುಖ ಕಾಣುತ್ತದೆ, ಆದ್ದರಿಂದ ಕೇಳಬೇಕಾಗುತ್ತದೆ. ಕೇಳಿ. ಬೇಡವೆಂದರೆ ಬಿಡಿ. ಹೂಂ ಎಂದರೆ ಎರಡು ಮಾತು ಹುಟ್ಟುತ್ತದೆ. ರಜೆಯಿಂದ ಮನೆಗೆ ಒಯ್ಯಲು ಅದಕ್ಕಿಂತ ಒಳ್ಳೆಯದು ಏನಿದೆ?

ಇನ್ನು ಬೆಳಗಿನ ಮಾತು. ನಮ್ಮಲ್ಲಿ ಸೂರ್ಯ ಕಡಲಿನಿಂದ ಏಳುವುದಿಲ್ಲ, ಘಟ್ಟದ ಬೆನ್ನಿನಿಂದ ಏಳುತ್ತಾನೆ. ಹಾಗಾಗಿ ಪ್ರವಾಸಿಗರ ಲೆಕ್ಕದಲ್ಲಿ ನಮ್ಮ ಬೆಳಗಿಗೆ ಬೆಲೆಯಿಲ್ಲ. ಉದಯಕ್ಕೆಂದು ಅವರು ಕನ್ಯಾಕುಮಾರಿಗೆ ಹೋಗುತ್ತಾರೆ, ಇಲ್ಲಿ ಮುಸುಕೆಳೆದು ಮಲಗುತ್ತಾರೆ. ಆದರೆ ಘಟ್ಟದ ಕಡೆಯಿಂದ ಬರುವ ಆ ಎಳೆಬಿಸಿಲು ಬೀಳುವುದು ದಡಕ್ಕೆ ಮುಖ ಮಾಡಿ ಬರುವ ದೋಣಿಯವರ ಮೇಲೆ. ಹಳೆಯ ದೊಡ್ಡ ರಂಪಣಿ ಬಲೆಗಳು 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳ ಅಬ್ಬರದಲ್ಲಿ ಮೂಲೆ ಸೇರಿದವು. ಕೈರಂಪಣಿ ಮಾತ್ರ ಇನ್ನೂ ಉಳಿದಿದೆ. ಹತ್ತಾರು ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುವುದನ್ನು ಈಗಲೂ ನೋಡಬಹುದು. ದೊಡ್ಡ ರಂಪಣಿ ಹೋದಾಗ ಅದರ ಚಿತ್ರ ಹಿಡಿದವರು ಎಷ್ಟು ಮಂದಿ? ಇದರದ್ದಾದರೂ ಉಳಿಯಬೇಡವೇ?

ಬನ್ನಿ, ಬೇಕಾದಷ್ಟು ಹೊತ್ತು ಸೂರ್ಯನನ್ನು ನೋಡಿ. ಅವನಿಗೆ ನಿಮ್ಮ ಫೋಟೋದ ಹಂಗಿಲ್ಲ, ನಾಳೆಯೂ ಬರುತ್ತಾನೆ. ಈ ದಂಡೆ ನಾಳೆ ಹೀಗೆಯೇ ಇರುತ್ತದೆಂಬ ಭರವಸೆ ನನಗಿಲ್ಲ. ಇಲ್ಲಿ ಮೊದಲು ಏನಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು, ನಿಮ್ಮ ನೂರು ಸೂರ್ಯಾಸ್ತಗಳ ನಡುವೆ ಅಂಥದ್ದೊಂದು ಚಿತ್ರವಾದರೂ ಇರಲಿ.