ಖಾತೆ ಯಾರ ಹೆಸರಿನಲ್ಲಿದೆ?

ಕರಾವಳಿಯ ಮುಸ್ಲಿಮ್ ಮನೆಗಳ ಜಗಲಿಯಲ್ಲಿ ಮಧ್ಯಾಹ್ನದ ಬಳಿಕ ಕಾಣಸಿಗುತ್ತಿದ್ದ ಆ ದೃಶ್ಯವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಬೆರಳಿನಲ್ಲಿ ನೂಲು. ತಾಯಿ, ಮಗಳು, ಸೊಸೆ ಎಲ್ಲರೂ ಬೀಡಿ ಸುತ್ತುತ್ತಿದ್ದರು. ಅದೆಷ್ಟೋ ಮನೆಗಳ ಅಕ್ಕಿಗೆ, ಮಕ್ಕಳ ಶಾಲಾ ಶುಲ್ಕಕ್ಕೆ, ಹೆಣ್ಣುಮಕ್ಕಳ ಮದುವೆಯ ಚಿನ್ನಕ್ಕೆ ಆಧಾರವಾದದ್ದು ಆ ಬೆರಳುಗಳೇ. ಆದರೆ ಯಾವ ಕಟ್ಟು ಒಳ್ಳೆಯದು, ಯಾವುದು ತಿರಸ್ಕೃತ ಎಂದು ತೀರ್ಮಾನಿಸುತ್ತಿದ್ದವನು ಗುತ್ತಿಗೆದಾರ. ಮಜೂರಿ ಬಂದ ಬಳಿಕ ಅದು ಎಲ್ಲಿ ಖರ್ಚಾಗಬೇಕೆಂದು ತೀರ್ಮಾನಿಸುತ್ತಿದ್ದವರು ಹೆಚ್ಚಾಗಿ ಮನೆಯ ಗಂಡಸರು. ಸುತ್ತಿದವಳ ಪಾಲಿಗೆ ಉಳಿದದ್ದು ಬೆನ್ನುನೋವು ಮತ್ತು ಕೆಮ್ಮು.

ಇದು ಕೇವಲ ಕರಾವಳಿಯ ಕತೆಯಲ್ಲ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ, ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ತಮ್ಮ ಮನೆಯೊಳಗೇ ಕುಳಿತು ದುಡಿಯುತ್ತಾರೆ ಎಂದು ಹೇಳಿತ್ತು. ಒಟ್ಟು ಮಹಿಳಾ ದುಡಿಮೆಗಾರರಲ್ಲಿ ಈ ಪ್ರಮಾಣ ಶೇ. 51. ಅಂದರೆ ನಮ್ಮ ಮಹಿಳೆಯರು ದುಡಿಯುವುದಿಲ್ಲ ಎಂಬ ಮಾತು ಸುಳ್ಳು. ದುಡಿಯುತ್ತಾರೆ. ಆದರೆ ಆ ದುಡಿಮೆ ಬೀದಿಗೆ ಕಾಣಿಸುವುದಿಲ್ಲ, ಬ್ಯಾಂಕಿಗೆ ಕಾಣಿಸುವುದಿಲ್ಲ, ಎಷ್ಟೋ ಸಲ ಸ್ವತಃ ಮನೆಯವರಿಗೂ ಕಾಣಿಸುವುದಿಲ್ಲ.

ಇಂದು ಅದೇ ಜಗಲಿಗೆ ಮೊಬೈಲ್ ಫೋನ್ ಬಂದಿದೆ. ಉಪ್ಪಿನಕಾಯಿ, ಒಣಸಿಗಡಿ ಚಟ್ನಿ, ರಮಝಾನಿನ ತಿಂಡಿ, ಹೊಲಿದ ಬುರ್ಖಾ, ಮಕ್ಕಳ ಉಡುಪು, ಅತ್ತರು ಎಲ್ಲವೂ ಫೋನಿನ ಮೂಲಕ ಮಾರಾಟವಾಗುತ್ತಿವೆ. ಯುಪಿಐ 2016ರಲ್ಲಿ ಬಂತು, ವಾಟ್ಸ್ಯಾಪ್ ಬಿಸಿನೆಸ್ 2018ರಲ್ಲಿ. ಅಂಗಡಿಗೆ ಮುಂಗಡ ಹಣವಿಲ್ಲದ, ಪೇಟೆಯಲ್ಲಿ ಕೂರಲು ಅನುಕೂಲವಿಲ್ಲದ ಮಹಿಳೆಗೂ ವ್ಯಾಪಾರದ ಬಾಗಿಲು ತೆರೆದಿದೆ ಎಂಬುದರಲ್ಲಿ ಸಂದೇಹವಿಲ್ಲ. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಮೊರ ಹೋಗಿ ಫೋನು ಬಂದ ಮಾತ್ರಕ್ಕೆ ಹಳೆಯ ಲೆಕ್ಕ ಬದಲಾಗುತ್ತದೆಯೇ? ರಾತ್ರಿಯಿಡೀ ಹೊಲಿಯುವವಳು ಪತ್ನಿ, ಹಣ ಬೀಳುವುದು ಪತಿಯ ಖಾತೆಗೆ. ಆರ್ಡರ್ ಬರುವುದು ತಮ್ಮನ ನಂಬರಿಗೆ. ಎಷ್ಟು ಬಂತು, ಎಷ್ಟು ಉಳಿಯಿತು ಎಂದು ಆಕೆಯನ್ನು ಕೇಳಿದರೆ ಆಕೆಗೆ ಗೊತ್ತಿಲ್ಲ. ಇಂಥ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ.

ಗಂಡಸರು ಗಳಿಸಿದ್ದರಲ್ಲಿ ಅವರ ಪಾಲು ಅವರಿಗೆ, ಮಹಿಳೆಯರು ಗಳಿಸಿದ್ದರಲ್ಲಿ ಅವರ ಪಾಲು ಅವರಿಗೆ ಎಂಬುದು ಪವಿತ್ರ ಕುರ್‌ಆನಿನ ನಾಲ್ಕನೇ ಅಧ್ಯಾಯದ ಸ್ಪಷ್ಟ ನಿಲುವು. ಹ. ಖದೀಜಾ(ರ)ರು ಸ್ವಂತ ಬಂಡವಾಳದಿಂದ ಸಿರಿಯಾದ ವರೆಗೆ ಸರಕು ಕಳುಹಿಸುತ್ತಿದ್ದ ವ್ಯಾಪಾರಿ ಎಂಬುದನ್ನು ನಮ್ಮ ವೇದಿಕೆಗಳಲ್ಲಿ ಪ್ರತಿವರ್ಷ ಭಾಷಣಕಾರರು ಹೇಳುತ್ತಾರೆ, ಸಭಿಕರು ತಲೆದೂಗುತ್ತಾರೆ. ಮನೆಗೆ ಮರಳಿದ ಬಳಿಕ ಪತ್ನಿಯ ಹೆಸರಿನಲ್ಲಿ ಒಂದು ಉಳಿತಾಯ ಖಾತೆ ತೆರೆಯುವುದು ಎಷ್ಟು ಮಂದಿಗೆ ನೆನಪಾಗುತ್ತದೆ?

ಆದ್ದರಿಂದ ಫೋನಿನ ವ್ಯಾಪಾರಕ್ಕೆ ಮೊದಲ ಹೆಜ್ಜೆ ಯಾವುದೆಂದು ಕೇಳುವ ಸಹೋದರಿಯರಿಗೆ ನಮ್ಮ ಉತ್ತರ ಬಹಳ ಸರಳ. ಮೊದಲು ನಿಮ್ಮ ಹೆಸರಿನಲ್ಲಿ ಒಂದು ಖಾತೆ, ನಿಮ್ಮದೇ ಒಂದು ಸಿಮ್, ಆ ಸಿಮ್ಮಿಗೆ ಜೋಡಿಸಿದ ಯುಪಿಐ. ಮನೆಯ ನಂಬರು ಬೇರೆ, ವ್ಯಾಪಾರದ ನಂಬರು ಬೇರೆ ಇರಲಿ. ಅಪರಿಚಿತರು ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡುವ ಕಿರುಕುಳಕ್ಕೂ ಇದು ತಡೆ. ರಾತ್ರಿ ಒಂಬತ್ತಕ್ಕೆ ಆ ಫೋನನ್ನು ಮುಚ್ಚಿಡಬಹುದು. ವಾಟ್ಸ್ಯಾಪ್ ಬಿಸಿನೆಸ್‌ಗೆ ಶುಲ್ಕವಿಲ್ಲ. ಸರಕಿನ ಚಿತ್ರ ಮತ್ತು ಬೆಲೆಯ ಪಟ್ಟಿಯನ್ನು ಅದರಲ್ಲೇ ಜೋಡಿಸಿಡಬಹುದು. ಮುಖ ತೋರಿಸಬೇಕಾದ ಅಗತ್ಯವೂ ಇಲ್ಲ. ವೆಬ್‌ಸೈಟ್, ಲೋಗೋ, ಬಣ್ಣಬಣ್ಣದ ಜಾಹೀರಾತು ಇವುಗಳಿಗೆ ಹಣ ಸುರಿಯುವುದು ಬೇಡ.

ಮಾರುವ ವಸ್ತು ಆರಂಭದಲ್ಲಿ ಒಂದೇ ಇರಲಿ. ಪರಿಚಿತ ಹತ್ತು ಮನೆಗಳಿಗೆ ಮಾರಿ ನೋಡಿ. ಆ ಹತ್ತು ಮನೆಗಳಲ್ಲಿ ನಾಲ್ಕು ಮನೆಯವರು ಎರಡನೆಯ ಬಾರಿ ಕೇಳಿ ಪಡೆದರೆ ವ್ಯಾಪಾರಕ್ಕೆ ಜೀವವಿದೆ ಎಂದರ್ಥ.

ಬೆಲೆ ನಿರ್ಧಾರದಲ್ಲಿ ನಮ್ಮ ಮಹಿಳೆಯರು ಮಾಡುವ ತಪ್ಪೊಂದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಉದಾಹರಣೆಗೆ, ಹತ್ತು ಬಾಟಲಿ ಮಾವಿನ ಉಪ್ಪಿನಕಾಯಿ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಮಾವು, ಎಣ್ಣೆ, ಮೆಣಸು, ಸಾಸಿವೆ ಸೇರಿ 600 ರೂ. ಬಾಟಲಿ ಮತ್ತು ಚೀಟಿಗೆ 150. ಗ್ಯಾಸಿಗೆ 50. ಒಟ್ಟು 800 ರೂ., ಅಂದರೆ ಬಾಟಲಿಗೆ 80. ನೂರಕ್ಕೆ ಮಾರಿದರೆ ಇಪ್ಪತ್ತು ಲಾಭವೆಂದು ಸಂತೋಷಪಡುತ್ತಾರೆ. ಆದರೆ ಮಾವು ತೊಳೆದು, ಹೆಚ್ಚಿ, ಒಣಗಿಸಿ, ಬೆರೆಸಿ, ತುಂಬಿಸಲು ಹಿಡಿದದ್ದು ಆರು ಗಂಟೆ. ಹತ್ತು ಬಾಟಲಿಯಿಂದ ಉಳಿದದ್ದು 200 ರೂ. ಗಂಟೆಗೆ 33 ರೂ. ಚಿಲ್ಲರೆ! ಒಂದು ಬಾಟಲಿ ದಾರಿಯಲ್ಲಿ ಒಡೆದರೆ ಅದೂ ಇಲ್ಲ. ತನ್ನ ಸಮಯಕ್ಕೆ ಬೆಲೆಯೇ ಇಲ್ಲ ಎಂದು ಆಕೆಗೆ ಕಲಿಸಿದವರು ನಾವೇ. ಅದೇ ಪಾಠವನ್ನು ಆಕೆ ಬೆಲೆಪಟ್ಟಿಯಲ್ಲಿ ಬರೆಯುತ್ತಿದ್ದಾಳೆ. ಇನ್ನು ನೆಂಟರ ವಿಷಯ. ನಮ್ಮವರಲ್ಲವೇ ಎಂದು ಎರಡು ಬಾಟಲಿ ಪುಕ್ಕಟೆ ಒಯ್ಯುವವರೂ, ಮುಂದಿನ ತಿಂಗಳು ಕೊಡುತ್ತೇನೆಂದು ಮರೆತುಬಿಡುವವರೂ ವ್ಯಾಪಾರವನ್ನು ಮುಳುಗಿಸುವಷ್ಟು ಹೊರಗಿನ ಪೈಪೋಟಿ ಮುಳುಗಿಸುವುದಿಲ್ಲ. ಕುರ್‌ಆನಿನ ಅತ್ಯಂತ ದೀರ್ಘ ವಚನ ಸಾಲವನ್ನು ಬರೆದಿಡುವುದರ ಕುರಿತೇ ಇದೆ ಎಂಬುದನ್ನು ಅಂಥವರಿಗೆ ಮೃದುವಾಗಿ ನೆನಪಿಸಬಹುದು.

ಬರೆದಿಡುವ ಅಭ್ಯಾಸಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳಿಂದ ಕ್ಯೂಆರ್ ಕೋಡ್ ಮಾಯವಾಗಿ, ನಗದು ಮಾತ್ರ ಎಂಬ ಫಲಕ ಬಂತು. ವರ್ತಕರು ಪ್ರತಿಭಟಿಸಿದರು. ಹಳೆಯ ಬಾಕಿಗಾಗಿ ಒತ್ತಾಯಿಸುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆಗ ಭರವಸೆ ಕೊಡಬೇಕಾಯಿತು. ಸಂಬಂಧಿಕರಿಂದ ಪಡೆದ ಕೈಸಾಲ, ಮನೆ ಖರ್ಚಿಗೆ ಬಂದ ಹಣ, ತೆರಿಗೆಯೇ ಇಲ್ಲದ ಸರಕಿನ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದೆ ಎಂಬುದು ಅನೇಕರ ಅಳಲಾಗಿತ್ತು. ಇಲಾಖೆಯ ಆತುರವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಗಲ್ಫಿನಿಂದ ಮಗ ಕಳುಹಿಸಿದ ಹಣವೂ ಉಪ್ಪಿನಕಾಯಿಯ ಹಣವೂ ಒಂದೇ ಖಾತೆಗೆ ಬೀಳುವ ಮನೆಯಲ್ಲಿ ಇಂಥ ನೋಟಿಸಿಗೆ ಉತ್ತರ ಕೊಡುವವರು ಯಾರು? ನಲ್ವತ್ತು ರೂಪಾಯಿಯ ಒಂದು ನೋಟ್ ಪುಸ್ತಕದಲ್ಲಿ ದಿನವೂ ನಾಲ್ಕು ಸಾಲು ಬರೆದಿಟ್ಟರೆ ಸಾಕು.

ಕಾನೂನಿನ ವಿಷಯದಲ್ಲಿ ಅನಗತ್ಯ ಭಯವೂ ಬೇಡ, ಉಡಾಫೆಯೂ ಬೇಡ. 2019ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂ. ವಹಿವಾಟು. ಆನ್‌ಲೈನ್ ಮಾರಾಟ ಕಂಪೆನಿಗಳ ಮೂಲಕ ಮಾರುವವರು ಮೊದಲು ಎಷ್ಟೇ ಚಿಕ್ಕವರಾದರೂ ನೋಂದಣಿ ಮಾಡಬೇಕಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನವರು ತಮ್ಮ ರಾಜ್ಯದ ಒಳಗೆ ಮಾರುವುದಾದರೆ ಒಂದು ದಾಖಲಾತಿ ಸಂಖ್ಯೆ ಪಡೆದು ಮಾರಬಹುದು. ರಾಜ್ಯದ ಒಳಗೆ ಎಂಬ ಮಾತನ್ನು ಮಂಗಳೂರಿನ ಓದುಗರು ವಿಶೇಷವಾಗಿ ಗಮನಿಸಬೇಕು. ಕಾಸರಗೋಡಿನಲ್ಲಿರುವ ಅಕ್ಕನ ನೆರೆಮನೆಗೆ ಮಾರಿ ಕಳುಹಿಸುವ ಪೊಟ್ಟಣವೂ ಕಾನೂನಿನ ಕಣ್ಣಿನಲ್ಲಿ ಅಂತರರಾಜ್ಯ ವ್ಯಾಪಾರ! ತೆರಿಗೆಯುಳ್ಳ ಸರಕಾದರೆ ಅಲ್ಲಿ ಆ ಮಿತಿ ನೆರವಿಗೆ ಬಾರದು. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ತಿನ್ನುವ ವಸ್ತು ಮಾರುವವರಿಗೆ 2006ರ ಆಹಾರ ಸುರಕ್ಷತೆಯ ಕಾಯ್ದೆ ಅನ್ವಯಿಸುತ್ತದೆ, ಮನೆಯ ಅಡುಗೆಮನೆ ಎಂಬ ಕಾರಣಕ್ಕೆ ಅದು ಬಿಡುವುದಿಲ್ಲ. 2011ರ ನಿಯಮಾವಳಿ ಸಣ್ಣವರ ನೋಂದಣಿಗೆ ವರ್ಷಕ್ಕೆ 100 ರೂ. ಶುಲ್ಕ ನಿಗದಿಪಡಿಸಿತ್ತು. ಇಷ್ಟು ಕಡಿಮೆ ಖರ್ಚಿನ ಕಾಗದವನ್ನೂ ಮಾಡಿಸದೆ, ನಾಳೆ ಯಾರೋ ದೂರು ಕೊಟ್ಟಾಗ ನಮ್ಮನ್ನು ಗುರಿಯಾಗಿಸಲಾಗಿದೆ ಎಂದು ಅಳುವುದರಲ್ಲಿ ಅರ್ಥವಿಲ್ಲ. ಗುರಿಯಾಗಿಸುವವರು ಇದ್ದಾರೆ ಎಂಬುದು ನಿಜ. ಆದ್ದರಿಂದಲೇ ಕಾಗದ ಸರಿಯಿರಬೇಕು.

ಆ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲೇ ಸ್ಪಷ್ಟಪಡಿಸುತ್ತೇವೆ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು, ಬಳಿಕ ಅದು ಬೇರೆ ಕಡೆಗೂ ಹಬ್ಬಿತು. ಅಂದಿನಿಂದ, ಇನ್ನು ಫೋನಿನಲ್ಲೇ ವ್ಯಾಪಾರ ಮಾಡೋಣ, ಜಾತ್ರೆಯ ಗೊಡವೆ ಬೇಡ ಎಂಬ ಮಾತು ನಮ್ಮ ನಡುವೆ ಕೇಳಿಬರುತ್ತಿದೆ. ನಾವಿದನ್ನು ಒಪ್ಪುವುದಿಲ್ಲ. ವರ್ಷಗಳಿಂದ ಜಾತ್ರೆಯಲ್ಲಿ ಬಳೆ, ಆಟಿಕೆ ಮಾರಿದವನ ಹಕ್ಕು ಫೋನು ಬಂದಿದೆ ಎಂಬ ಕಾರಣಕ್ಕೆ ಇಲ್ಲವಾಗುವುದಿಲ್ಲ. ಫೋನಿನ ವ್ಯಾಪಾರವನ್ನು ಹೆಚ್ಚಿನ ಬಾಗಿಲೆಂದು ಆರಿಸಿಕೊಳ್ಳೋಣ, ಅಡಗುತಾಣವೆಂದಲ್ಲ.

ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗಲಿದ ಘಟನೆ ಎಲ್ಲರಿಗೂ ತಿಳಿದದ್ದೇ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ಮಾರುವವನನ್ನು ಕೇಳಿದ್ದರು. ಫೋನಿನ ವ್ಯಾಪಾರದಲ್ಲಿ ಗ್ರಾಹಕನಿಗೆ ರಾಶಿಯೊಳಗೆ ಕೈಯಿಡುವ ಅವಕಾಶವೇ ಇಲ್ಲ. ಅವನ ಕೈಯಲ್ಲಿರುವುದು ಒಂದು ಚಿತ್ರ ಮಾತ್ರ. ಬೇರೆಯವರ ಚಿತ್ರ ಕದ್ದು ಹಾಕುವುದು, ಬಣ್ಣ ತಿದ್ದಿ ಹಾಕುವುದು, ಕೈಯಲ್ಲಿಲ್ಲದ ಸರಕಿಗೆ ಹಣ ಪಡೆದು ಬಳಿಕ ಹುಡುಕಲು ಹೊರಡುವುದು, ಇವೆಲ್ಲ ಒದ್ದೆ ಧಾನ್ಯದ ಹೊಸ ರೂಪಗಳು. ಸಗಟು ವ್ಯಾಪಾರಿಯ ಏಜೆಂಟರಾಗಿ ಕಮಿಶನ್‌ಗೆ ಮಾರುವುದಾದರೆ ಹಾಗೆಂದೇ ಹೇಳಿ ಮಾರಿ.

ವಂಚಕರು ಮಾರುವವರ ಕಡೆ ಮಾತ್ರ ಇಲ್ಲ. ಸೈನಿಕ ಎಂದು ಹೇಳಿಕೊಂಡು ದೊಡ್ಡ ಆರ್ಡರ್ ಕೊಟ್ಟು, ಮುಂಗಡ ಕಳುಹಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಮೋಸವಾದ ತಕ್ಷಣ ನಾಚಿಕೆಪಟ್ಟು ಕೂರದೆ 1930ಕ್ಕೆ ಕರೆ ಮಾಡಬೇಕು.

ಬಂಡವಾಳಕ್ಕಾಗಿ ಚಿನ್ನ ಅಡವಿಡಬೇಡಿ, ಬಡ್ಡಿಯ ಬಲೆಗೆ ಬೀಳಬೇಡಿ. ಹತ್ತು ಬಾಟಲಿಯ ಹಣದಿಂದ ಮುಂದಿನ ಹದಿನೈದು ಬಾಟಲಿ ಆಗಲಿ. ನಿಧಾನವಾದರೂ ಅದು ನಿಮ್ಮದೇ ಹಣ. ಜಮಾಅತ್‌ಗಳಿಗೂ ಇಲ್ಲಿ ಒಂದು ಕೆಲಸವಿದೆ. ಮದುವೆಯ ಸಹಾಯಧನಕ್ಕೆ ಅರ್ಜಿ ಪಡೆಯುವ ಕಚೇರಿಯಲ್ಲೇ ತಿಂಗಳಿಗೊಂದು ದಿನ ಮೇಜು ಹಾಕಿ, ಕಾಮರ್ಸ್ ಓದಿದ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿ, ನೋಂದಣಿಯ ಅರ್ಜಿ ತುಂಬಿಸಿ ಕೊಡಬಹುದು. ಖರ್ಚು ಚಹಾದ್ದು ಮಾತ್ರ.

ಗಂಡಸರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಬಾರಿ ಬ್ಯಾಂಕಿಗೆ ಹೋಗುವಾಗ ಮನೆಯಲ್ಲಿ ದುಡಿಯುವ ಆ ಪತ್ನಿಯನ್ನೋ ಸಹೋದರಿಯನ್ನೋ ಜೊತೆಗೆ ಕರೆದೊಯ್ಯಿರಿ. ಆಧಾರ್, ಪಾನ್ ಕಾರ್ಡ್, ಎರಡು ಫೋಟೋ ಇರಲಿ. ಅರ್ಜಿಯನ್ನು ಆಕೆಯೇ ತುಂಬಲಿ. ಪಿನ್ ನಂಬರು ಆಕೆಗೆ ಮಾತ್ರ ತಿಳಿದಿರಲಿ.